ಆರನೆಯ ದಿನಕ್ಕೆ ಬಂದದ್ದು

ಜನವರಿ 8

ಮಗಳೇ,

ಈ ವಿಷಯವನ್ನು ಫೋನಿನಲ್ಲಿ ಎತ್ತಿದರೆ ಕಟ್ ಮಾಡುತ್ತೇನೆ ಎಂದೆ ನೀನು. ಸರಿ. ಬರೆಯಬಾರದು ಎಂದು ಹೇಳಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಯಾರೂ ಬೇಡವೆಂದು ಬಾಯಿಬಿಟ್ಟು ಹೇಳದ್ದನ್ನೆಲ್ಲ ಅಪ್ಪಣೆಯೆಂದೇ ತಿಳಿದು ಬಾಳಿದವಳು ನಾನು. ಇಲ್ಲದಿದ್ದರೆ ಒಂದು ತಗಡಿನ ಡಬ್ಬಿ, ಒಂದು ಬಲ್ಬು ಇಟ್ಟುಕೊಂಡು ಮೊಟ್ಟೆಯಿಂದ ಮರಿ ಮಾಡಿ ಮಾರುತ್ತೇನೆಂದು ಹೊರಟವಳಿಗೆ ಈ ಹ್ಯಾಚರಿ ಎಲ್ಲಿಂದ ಬರುತ್ತಿತ್ತು?

ಮದುವೆಯಾಗಿ ಇಷ್ಟು ವರ್ಷ ನೀವು ಏನೂ ಹೇಳಲಿಲ್ಲ, ನಾನೂ ಏನೂ ಕೇಳಲಿಲ್ಲ. ಕೇಳಿದೆ ಎನ್ನುತ್ತೀಯಾ? ಕೇಳಿರಬಹುದು, ನನಗೆ ಸುತ್ತಿ ಬಳಸಿ ಕೇಳಲು ಬರುವುದಿಲ್ಲ, ಸುತ್ತಿ ಬಳಸಿದೆನೆಂದು ನಾನು ಅಂದುಕೊಂಡದ್ದು ನಿನಗೆ ನೇರವಾಗಿಯೇ ತಗುಲಿರಬಹುದು. ಹೊಟ್ಟೆಗೆ ಹಾಕಿಕೋ. ಈಗ ನೀವೇ ಐವಿಎಫ್ ಮಾಡಿಸುತ್ತೇವೆ, ಆಸ್ಪತ್ರೆ ಹುಡುಕುತ್ತಿದ್ದೇವೆ ಎಂದಿರಿ. ಹುಡುಕುವ ಕೆಲಸದಲ್ಲಿ ಮೂಗು ತೂರಿಸಲು ನನಗೆ ಹಕ್ಕಿದೆ.

ಅಳಿಯ ದೇವರು ಫೋನಿನಲ್ಲಿ ಕಳಿಸಿದ ಜಾಹೀರಾತು ನೋಡಿದೆ. "ನೂರಕ್ಕೆ ಎಪ್ಪತ್ತು ಯಶಸ್ಸು" ಎಂದು ಹೊಳೆಯುವ ಅಕ್ಷರ. ಯಾವ ನೂರು? ಇದನ್ನು ಕೇಳದೆ ಯಾವ ಬಾಗಿಲೂ ತುಳಿಯಬೇಡ. ನಮ್ಮಲ್ಲಿ ಮೆಷಿನ್ನಿಗೆ ಇಟ್ಟ ಮೊಟ್ಟೆಗಳಲ್ಲಿ ಎಷ್ಟು ಮರಿಯಾದವು ಎಂದರೆ ಒಂದು ಉತ್ತರ. ವಾರದ ಮೇಲೆ ಒಂದೊಂದನ್ನೇ ದೀಪದ ಮುಂದೆ ಹಿಡಿದು, ಒಳಗೆ ಏನೂ ಬೆಳೆಯದ್ದನ್ನೆಲ್ಲ ತೆಗೆದುಹಾಕಿ, ಉಳಿದವುಗಳಲ್ಲಿ ಎಷ್ಟು ಮರಿಯಾದವು ಎಂದರೆ ಬೇರೆಯೇ ಉತ್ತರ. ಬೋರ್ಡಿನ ಮೇಲೆ ಬರೆಸುವುದು ಯಾವಾಗಲೂ ಎರಡನೆಯದನ್ನು. ನನ್ನ ಬೋರ್ಡಿನ ಮೇಲೂ ಅದೇ ಇದೆ. ಸುಳ್ಳೇನಲ್ಲ, ವ್ಯಾಪಾರ.

ಹಾಗಾಗಿ ನೀನು ಕೇಳಬೇಕಾದದ್ದು ಇಷ್ಟು: "ನನ್ನ ವಯಸ್ಸಿನವರಲ್ಲಿ, ಮೊದಲ ಇಂಜೆಕ್ಷನ್ ತೆಗೆದುಕೊಂಡವರಲ್ಲಿ, ಎಷ್ಟು ಜನ ಮಗುವನ್ನು ಎತ್ತಿಕೊಂಡು ಮನೆಗೆ ಹೋದರು?" ಟೆಸ್ಟ್ ಪಾಸಾದವರ ಲೆಕ್ಕ ಹೇಳಿದರೆ ನಕ್ಕು ಎದ್ದು ಬಾ.

ನಿನ್ನ ಅಮ್ಮ


ಜನವರಿ 21

ಅಮ್ಮ,

ಮೊದಲಿಗೆ ಒಂದು ಮಾತು. ನಾನು ಕೋಳಿಯಲ್ಲ. ಅಡಿಗೆರೆ ಎಳೆದಿದ್ದೇನೆ, ನೋಡಿಕೋ.

ನೀನು ಹೇಳಿದಂತೆಯೇ ಕೇಳಿದೆ. ಮೊದಲನೆಯದು ಜಾಹೀರಾತಿನ ಆಸ್ಪತ್ರೆ. ನೆಲದಿಂದ ತುದಿಯವರೆಗೆ ಗಾಜು. ಒಳಗೆ ಗೋಡೆ ತುಂಬ ಮಕ್ಕಳ ಫೋಟೋ. ಕಾಯುವ ಕುರ್ಚಿಗಳನ್ನೆಲ್ಲ ಆ ಗೋಡೆಗೇ ಮುಖ ಮಾಡಿ ಹಾಕಿದ್ದಾರೆ. ಪಕ್ಕದ ಕುರ್ಚಿಯ ಹೆಂಗಸು ತಲೆ ಬಗ್ಗಿಸಿ ಕೂತವಳು ಎತ್ತಲೇ ಇಲ್ಲ. ದಿನವಿಡೀ ಕನ್ನಡಕ ಮಾರುವ ನಾನು ನನ್ನ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡೆ. ಎಲ್ಲ ಮಕ್ಕಳೂ ಮಸುಕಾದವು, ಆರಾಮಾಯಿತು. ಸಲಹೆ ಕೊಡುವ ಹುಡುಗಿಯ ಮುಂದೆ ನಿನ್ನ ಪ್ರಶ್ನೆ ಇಟ್ಟೆ. "ಮೇಡಂ, ಪಾಸಿಟಿವ್ ಆಗಿ ಯೋಚ್ನೆ ಮಾಡಿ, ಅರ್ಧ ಕೆಲ್ಸ ಅಲ್ಲೇ ಆಗುತ್ತೆ" ಎಂದಳು. ಉಳಿದರ್ಧ ಎಲ್ಲಿ ಆಗುತ್ತದೆ ಎಂದು ಕೇಳುವಷ್ಟರಲ್ಲಿ ಇವರು ಕಾಲು ತುಳಿದರು. ಹೊರಡುವಾಗ ಒಂದು ಚೀಲ ಕೊಟ್ಟರು. ಅದರೊಳಗೆ ಆಸ್ಪತ್ರೆಯ ಹೆಸರು ಬರೆದ ಪುಟಾಣಿ ಟೋಪಿ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಯನ್ನು ಹೀಗೆ ಹೊಲಿದು ಹಂಚುತ್ತಾರೆಂದು ಗೊತ್ತಿರಲಿಲ್ಲ.

ಎರಡನೆಯ ಕಡೆ ಡಾಕ್ಟರು ಮುಖ ಎತ್ತದೆ ಟೆಸ್ಟುಗಳನ್ನು ಬರೆದುಕೊಟ್ಟರು. ಮಾಡಿಸಿದೆವು. ನನ್ನ ವಯಸ್ಸಿಗೆ ಇರಬೇಕಾದಷ್ಟು ಅಂಡಗಳು ಇಲ್ಲವಂತೆ. ಇವರದ್ದು ಪರವಾಗಿಲ್ಲ, ಓಡಾಟ ಸ್ವಲ್ಪ ನಿಧಾನವಂತೆ. ನಿನ್ನ ಅಳಿಯ, ಲಿಫ್ಟ್ ರಿಪೇರಿಯವರು, ಗಂಭೀರವಾಗಿ ಕೇಳಿದರು: "ಸರ್ವೀಸ್ ಮಾಡಿಸಿದ್ರೆ ಸ್ಪೀಡು ಬರುತ್ತಾ ಡಾಕ್ಟ್ರೇ?" ಆಗ ಆ ಡಾಕ್ಟರು ಮೊದಲ ಸಲ ಮುಖ ಎತ್ತಿದರು.

ಇನ್ನೊಂದು ವಿಷಯ ಅಲ್ಲಿನ ಪುಸ್ತಿಕೆಯಲ್ಲಿ ಓದಿದೆ. ಹೆಣ್ಣಿಗೆ ಬದುಕಿಡೀ ಇರುವ ಅಂಡಗಳೆಲ್ಲ ಅವಳು ಹುಟ್ಟುವ ಮೊದಲೇ ಆಗಿಬಿಟ್ಟಿರುತ್ತವಂತೆ. ಅಂದರೆ ನಾನು ನಿನ್ನ ಹೊಟ್ಟೆಯಲ್ಲಿದ್ದಾಗಲೇ. ಹಂಚಿಕೊಳ್ಳಬೇಕೆನಿಸಿತು, ಅಷ್ಟೇ. ಕೋಳಿಗೆ ಹೋಲಿಸಬೇಡ.

ನಿನ್ನ ಮಗಳು


ಫೆಬ್ರವರಿ 10

ಮಗಳೇ,

ಆ ಸಾಲು ಓದಿದಾಗ ಕೈಯಲ್ಲಿ ಮೊಟ್ಟೆಯ ಟ್ರೇ ಇತ್ತು. ಕೆಳಗಿಟ್ಟು ಕೂತೆ. ಅಂದರೆ ನಿನಗೆ ಹುಟ್ಟಬೇಕಾದ ಮಗುವಿನ ಅರ್ಧಭಾಗವನ್ನು ನಾನಾಗಲೇ ಒಂದು ಸಲ ಹೊತ್ತು ತಿರುಗಿದ್ದೇನೆ. ಬಸ್ಸಿನಲ್ಲಿ ನಿಂತುಕೊಂಡು, ಮೊಟ್ಟೆ ಬುಟ್ಟಿ ಸೊಂಟಕ್ಕಿಟ್ಟುಕೊಂಡು. ಯಾರಾದರೂ ಆಗಲೇ ಹೇಳಿದ್ದರೆ ಸೀಟು ಕೇಳುತ್ತಿದ್ದೆನಲ್ಲೇ!

ಈಗ ಬೈಯಬೇಡ. ಕಳೆದ ವಾರ ಮೆಷಿನ್ನಿನ ಬಿಡಿಭಾಗಕ್ಕೆಂದು ನಿಮ್ಮ ಊರಿಗೆ ಬಂದಿದ್ದೆ. ನಿನ್ನ ಮನೆಗೆ ಬರಲಿಲ್ಲ. ಬಂದಿದ್ದರೆ ನೀನು ಹೋಗಲು ಬಿಡುತ್ತಿರಲಿಲ್ಲ. ಆ ಗಾಜಿನ ಆಸ್ಪತ್ರೆಗೆ ಹೋದೆ.

"ಪೇಷಂಟ್ ಯಾರು ಮೇಡಂ?" ಎಂದಳು ಟೇಬಲ್ಲಿನ ಹುಡುಗಿ.

"ನಾನೇ ಅಂದ್ಕೊಳ್ಳಿ" ಎಂದೆ.

ಅವಳ ಹುಬ್ಬು ಒಂದಿಷ್ಟೂ ಏರಲಿಲ್ಲ. ನನ್ನ ಬಿಳಿ ತಲೆ ನೋಡಿದಳು, ಒಂದು ಫೈಲು ತೆಗೆದಳು. ಒಳಗಿನವಳ ಬಳಿ ಕೂರಿಸಿದಳು. ನಾನು ಅರವತ್ತು ದಾಟಿದವಳು, ಹಲ್ಲು ಕೂಡ ಪೂರ್ತಿ ನನ್ನದಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. "ವಯಸ್ಸು ಒಂದು ನಂಬರ್ ಅಷ್ಟೇ ಮೇಡಂ. ಇವತ್ತಿನ ವಿಜ್ಞಾನದಲ್ಲಿ ಎಲ್ಲಾ ಸಾಧ್ಯ" ಎಂದಳು ಆ ಮಹಾತಾಯಿ.

"ಎಲ್ಲಾನೂ?"

"ಎಲ್ಲಾನೂ. ಮೂರು ಸಲದ ಪ್ಯಾಕೇಜ್ ತಗೊಂಡ್ರೆ ಇನ್ನೂ ಒಳ್ಳೇದು."

"ಹಾಗಾದ್ರೆ ಯಾರಿಗೂ ಆಗಲ್ಲ ಅಂತ ಹೇಳೋದೇ ಇಲ್ವಾ ನೀವು?"

"ನಾವು ಯಾರ ಭರವಸೆನೂ ಕಿತ್ಕೊಳ್ಳಲ್ಲ ಮೇಡಂ" ಎಂದು ಎದೆಯ ಮೇಲೆ ಕೈಯಿಟ್ಟಳು.

ನನಗೂ ಒಂದು ಟೋಪಿ ಸಿಕ್ಕಿತು. ನೋಡೇ, ನನಗೇ ಆಗುವುದಿಲ್ಲ ಎನ್ನದವರು ನಿನಗೆ ಆಗುತ್ತದೆ ಎಂದರೆ ಆ ಮಾತಿಗೆ ಏನು ತೂಕ? ಬೇಡ ಎಂದು ಹೇಳಬಲ್ಲ ಬಾಯಿ ಎಲ್ಲಿದೆಯೋ ಅಲ್ಲಿಗೆ ಹೋಗು.

ಟೋಪಿಯನ್ನು ಟೀ ಕೆಟಲಿಗೆ ಹಾಕಿದ್ದೇನೆ. ಬಿಸಿ ಚೆನ್ನಾಗಿ ನಿಲ್ಲುತ್ತದೆ.

ಅಮ್ಮ


ಫೆಬ್ರವರಿ 26

ಅಮ್ಮ,

ಪತ್ರ ಓದಿ ಇವರು ಸೋಫಾದಿಂದ ಜಾರಿ ನೆಲದ ಮೇಲೆ ಕೂತು ನಕ್ಕರು. ನಾನು ಅರ್ಧ ದಿನ ಸಿಟ್ಟಾಗಿದ್ದೆ. ಆಮೇಲೆ ಅಂಗಡಿಯಲ್ಲಿ ಒಬ್ಬರ ಕಣ್ಣು ಪರೀಕ್ಷಿಸುತ್ತಿರುವಾಗ ನೀನು ಫೈಲು ಹಿಡಿದು ಕೂತದ್ದು ನೆನಪಾಗಿ ನಗು ಉಕ್ಕಿ, ಆ ಮನುಷ್ಯ ತನ್ನ ಕಣ್ಣಿಗೇನೋ ಆಗಿದೆಯೆಂದು ಹೆದರಿದ.

ಆಸ್ಪತ್ರೆ ಸಿಕ್ಕಿತು ಎಂದು ಕಾಣುತ್ತದೆ. ಔಷಧಿ ಅಂಗಡಿಯ ಮೇಲಿನ ಮಹಡಿ, ಕಿರಿದಾದ ಮೆಟ್ಟಿಲು. ಗೋಡೆಯ ಮೇಲೆ ಒಂದು ಗಡಿಯಾರ, ಒಂದು ಎಲೆ ಉದುರಿದ ಮರದ ಚಿತ್ರ, ಮತ್ತೇನಿಲ್ಲ. ಮಕ್ಕಳ ಫೋಟೋ ಯಾಕಿಲ್ಲ ಎಂದು ಕೇಳಿದೆ. "ಕಾಯೋರಿಗೂ ಕಣ್ಣಿರುತ್ತಲ್ಲಮ್ಮ" ಎಂದರು ಡಾಕ್ಟರು. ನಿನ್ನ ವಯಸ್ಸಿನವರು, ದನಿ ಒರಟು. ನಿನ್ನ ಪ್ರಶ್ನೆ ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು: ನನ್ನಂಥವರು ನಾಲ್ವರು ಶುರು ಮಾಡಿದರೆ ಒಬ್ಬಳು ಮಗುವಿನೊಂದಿಗೆ ಮನೆಗೆ ಹೋಗುತ್ತಾಳೆ. "ಆ ಮೂವರಲ್ಲಿ ನೀವೂ ಇರಬಹುದು. ಅದನ್ನ ಈಗ್ಲೇ ಹೇಳ್ತೀನಿ, ಆಮೇಲೆ ಹೇಳೋದು ನನಗೂ ಕಷ್ಟ, ನಿಮಗೂ ಕಷ್ಟ."

ಮೆಟ್ಟಿಲು ಇಳಿಯುವಾಗ ಇವರು "ಇದೇ ಇರ್ಲಿ" ಎಂದರು. ನಾನು ಅಷ್ಟರಲ್ಲಿ ಮನಸ್ಸಿನಲ್ಲೇ ಹೂಂ ಎಂದಾಗಿತ್ತು.

ನಡೆಯುವುದು ಹೀಗೆ. ತಿಂಗಳಿಗೆ ಒಂದೇ ಅಂಡ ಬಲಿಯುವ ಬದಲು ಹಲವು ಒಟ್ಟಿಗೆ ಬಲಿಯಲೆಂದು ಹೊಟ್ಟೆಗೆ ಇಂಜೆಕ್ಷನ್, ಎರಡು ವಾರದ ಹತ್ತಿರ. ನಡುನಡುವೆ ಸ್ಕ್ಯಾನ್. ಬಲಿತಾಗ ಮತ್ತಿನ ಔಷಧಿ ಕೊಟ್ಟು ಸೂಜಿಯಿಂದ ಹೊರಗೆ ತೆಗೆಯುತ್ತಾರೆ. ಲ್ಯಾಬಿನಲ್ಲಿ ಒಂದೊಂದು ಅಂಡದೊಳಗೂ ಒಂದೊಂದೇ ವೀರ್ಯಾಣುವನ್ನು ಬಿಡುತ್ತಾರೆ. ಅಷ್ಟು ತೆಳ್ಳನೆಯ ಸೂಜಿ ಇದೆಯಂತೆ ಅಮ್ಮ! ಆಮೇಲೆ ಐದು ದಿನ ಕಾಯುವುದು. ಒಂದು ಎರಡಾಗಿ, ಎರಡು ನಾಲ್ಕಾಗಿ, ಐದನೆಯ ದಿನಕ್ಕೆ ನೂರರ ಆಸುಪಾಸು ಜೀವಕೋಶಗಳ ಒಂದು ಚೆಂಡಾದರೆ ಅದು ಗರ್ಭಕ್ಕೆ ಬಿಡಲು ಸಿದ್ಧ. ಬೇಕಾದರೆ ಹೆಪ್ಪುಗಟ್ಟಿಸಿ ಇಡಬಹುದು, ವರ್ಷಗಟ್ಟಲೆ.

ಹೆದರಿಕೆಯಾಗುತ್ತಿದೆ. ಬರೆದರೆ ಕಡಿಮೆಯಾಗುತ್ತದೆಂದು ಬರೆದೆ.

ನಿನ್ನ ಮಗಳು


ಮಾರ್ಚ್ 12

ಮಗಳೇ,

ಹೆಪ್ಪುಗಟ್ಟಿಸಿ ಇಡುತ್ತಾರೆ ಎಂಬಲ್ಲಿಗೆ ಬಂದು ನಿಂತುಬಿಟ್ಟಿದ್ದೇನೆ. ಮೂರು ಸಲ ಓದಿದೆ. ಕರೆಂಟು ಹೋಗಿ ಮೆಷಿನ್ ತಣ್ಣಗಾದರೆ ಇಲ್ಲಿ ನಮ್ಮ ಜೀವ ಬಾಯಿಗೆ ಬರುತ್ತದೆ. ಕಂಬಳಿ ಹೊದಿಸಿ, ಬಿಸಿನೀರಿನ ಡಬ್ಬಿ ಇಟ್ಟು, ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇವೆ. ಜೀವ ಎಂದರೆ ಬಿಸಿ, ಬಿಸಿ ಹೋದರೆ ಎಲ್ಲ ಹೋಯಿತು ಎಂದು ನಂಬಿಯೇ ಇಷ್ಟು ದೂರ ಬಂದೆ. ಅಲ್ಲಿ ಕಲ್ಲಿಗಿಂತ ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ಬೇಕಾದಾಗ ಕರಗಿಸಿದರೆ ಎಲ್ಲಿಗೆ ನಿಲ್ಲಿಸಿತ್ತೋ ಅಲ್ಲಿಂದಲೇ ಮುಂದಕ್ಕೆ ಬೆಳೆಯುತ್ತದೆ ಎನ್ನುತ್ತೀ. ಹಾಗಾದರೆ ಆ ನಡುವೆ ಅದು ಎಲ್ಲಿರುತ್ತದೆ? ನಿದ್ದೆ ಎನ್ನೋಣವೇ? ನಿದ್ದೆಯಲ್ಲೂ ಉಸಿರಿದೆ. ನಿಮ್ಮ ಒರಟು ದನಿಯ ಡಾಕ್ಟರನ್ನು ಕೇಳು. ಅವರಿಗೂ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಲಿ, ಮರ್ಯಾದೆ ಹೆಚ್ಚಾಗುತ್ತದೆ.

ಇಂಜೆಕ್ಷನ್ ಚುಚ್ಚುವುದು ನೀನೋ, ಅಳಿಯನೋ? ಅವರಾದರೆ ಕೈ ನಡುಗದಿರಲಿ. ಲಿಫ್ಟಿನ ಹಗ್ಗವಲ್ಲ ಅದು.

ಅಮ್ಮ


ಏಪ್ರಿಲ್ 3

ಅಮ್ಮ,

ಡಾಕ್ಟರಿಗೂ ಗೊತ್ತಿಲ್ಲವಂತೆ. "ಇಪ್ಪತ್ತೈದು ವರ್ಷದಿಂದ ನಾನೂ ಅದನ್ನೇ ಕೇಳ್ಕೋತಾ ಇದೀನಿ ಅಂತ ನಿಮ್ಮ ತಾಯಿಗೆ ಹೇಳಿ" ಎಂದರು.

ಆಯಿತು. ಏಳು ಅಂಡ ಸಿಕ್ಕವು. ಬಲಿತದ್ದು ಐದು. ಕೂಡಿಕೊಂಡದ್ದು ನಾಲ್ಕು. ಪ್ರತಿದಿನ ಬೆಳಿಗ್ಗೆ ಲ್ಯಾಬಿನವಳು ಫೋನ್ ಮಾಡುತ್ತಿದ್ದಳು. ಮೃದುವಾದ ದನಿ, ಒಳ್ಳೆಯ ಸುದ್ದಿಗೂ ಕೆಟ್ಟ ಸುದ್ದಿಗೂ ಅದೇ ದನಿ. ಮೂರನೆಯ ದಿನ ಎರಡು ಬೆಳೆಯದೆ ನಿಂತವು. ಐದನೆಯ ದಿನ ಇನ್ನೊಂದು. ಉಳಿದ ಒಂದು ಹಿಂದೆ ಬಿದ್ದಿದೆ, ಇವತ್ತಿಗೆ ಸಿದ್ಧವಿಲ್ಲ, ನಾಳೆವರೆಗೆ ನೋಡೋಣ ಎಂದಳು. ಆ ದಿನ ನಾನು ಅಂಗಡಿಗೆ ಹೋದೆ, ಸಂಜೆವರೆಗೆ ಯಾರ ಮುಖ ನೋಡಿದೆನೋ ನೆನಪಿಲ್ಲ.

ಆರನೆಯ ದಿನ ಬೆಳಿಗ್ಗೆ: "ಬಂದಿದೆ ಮೇಡಂ. ಗ್ರೇಡು ಅಷ್ಟೇನಿಲ್ಲ. ಆದ್ರೆ ಬಂದಿದೆ." ಹೆಪ್ಪುಗಟ್ಟಿಸಿ ಇಟ್ಟಿದ್ದಾರೆ.

ಈಗ ತೀರ್ಮಾನ ನಮ್ಮದು. ಇದನ್ನೇ ಗರ್ಭಕ್ಕೆ ಬಿಡಬಹುದು. ತಡವಾಗಿ ಬಂದದ್ದು, ಗ್ರೇಡು ಕಡಿಮೆ, ನಿಲ್ಲುವ ಸಾಧ್ಯತೆಯೂ ಅಷ್ಟಕ್ಕಷ್ಟೆ. ಅಥವಾ ಇದನ್ನು ಬಿಟ್ಟು ಮೊದಲಿನಿಂದ ಶುರು ಮಾಡಬಹುದು. ಆಗ ಇಷ್ಟೂ ಸಿಗದೆ ಹೋಗಬಹುದು. ಎರಡೂ ತಪ್ಪಲ್ಲ ಎನ್ನುತ್ತಾರೆ ಡಾಕ್ಟರು. ಇವರು ನನ್ನ ಮುಖ ನೋಡುತ್ತಾರೆ. ನಾನು ಯಾರ ಮುಖ ನೋಡಲಿ?

ನೀನು ಹೇಳು.

ನಿನ್ನ ಮಗಳು


ಏಪ್ರಿಲ್ 9

ಮಗಳೇ,

ಕೇಳಿದ್ದೀಯ, ಹೇಳುತ್ತೇನೆ. ಬಿಟ್ಟುಬಿಡು.

ಬಾಯಿಗೆ ಸಕ್ಕರೆ ಹಚ್ಚಿ ಹೇಳಲು ನನಗೆ ಬರುವುದಿಲ್ಲ. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ನಾವು ಮೆಷಿನ್ನಿನ ಬಾಗಿಲು ತೆರೆಯುತ್ತೇವೆ. ಒಡೆದು ಬಂದದ್ದು ಪೆಟ್ಟಿಗೆಗೆ, ಉಳಿದದ್ದು ಹೊರಗೆ. ಇನ್ನೂ ಕೊಕ್ಕಿನಿಂದ ಕುಟ್ಟುತ್ತಿರುವುದನ್ನೂ ಇಟ್ಟುಕೊಳ್ಳುವುದಿಲ್ಲ. ತಡವಾದದ್ದು ಬಲವಿಲ್ಲದ್ದು, ಬಂದರೂ ಬಾಳುವುದಿಲ್ಲ. ಮೂವತ್ತು ವರ್ಷದಿಂದ ಒಮ್ಮೆಯೂ ಈ ಮಾತನ್ನು ಮೀರಿಲ್ಲ. ಮೀರದ್ದಕ್ಕೇ ನಾನು ಉಳಿದೆ, ಮೆತ್ತಗಿದ್ದವರ ಹ್ಯಾಚರಿಗಳು ಮುಚ್ಚಿದವು.

ಆ ಒಂದರ ಮೇಲೆ ಆಸೆಯಿಟ್ಟು, ಅದೂ ಹೋದರೆ, ನೀನು ಎರಡನೆಯ ಸಲ ಏಳುತ್ತೀ ಎಂಬ ಧೈರ್ಯ ನನಗಿಲ್ಲ. ಮೈಯಲ್ಲಿ ಕಸುವಿರುವಾಗಲೇ ಹೊಸದಾಗಿ ಶುರು ಮಾಡು.

ಅಮ್ಮ


ಮೇ 5

ಅತ್ತೆಯವರಿಗೆ ನಮಸ್ಕಾರಗಳು.

ನಾನು ಪತ್ರ ಬರೆದು ಅಭ್ಯಾಸವಿಲ್ಲ. ಲಿಫ್ಟು ಕೆಟ್ಟಿದೆ, ಮೆಟ್ಟಿಲು ಬಳಸಿ ಎಂದು ಬೋರ್ಡು ಬರೆಯುವುದಷ್ಟೇ ನನ್ನ ಬರವಣಿಗೆ. ತಪ್ಪಿದ್ದರೆ ಕ್ಷಮಿಸಿ.

ನಿಮ್ಮ ಏಪ್ರಿಲ್ ಪತ್ರವನ್ನು ಅವಳು ಓದಿದಳು. ಜಗಳವಾಡುತ್ತಾಳೆ, ನಾನು ಕೋಳಿಯಲ್ಲ ಎಂದು ಕೂಗಾಡುತ್ತಾಳೆ ಎಂದು ಕಾದೆ. ಕೂಗಲಿಲ್ಲ. "ಅಮ್ಮನೂ ಬೇಡ ಅಂದ್ಲು" ಎಂದಳು, ಪತ್ರ ಮಡಚಿದಳು, ಅಷ್ಟೇ. ಆಮೇಲೆ ಆ ವಿಷಯವೇ ಮನೆಯಲ್ಲಿ ಇಲ್ಲ. ನಿಮ್ಮೊಂದಿಗೆ ಅವಳು ಜಗಳವಾಡದಿದ್ದರೆ ನನಗೆ ಹೆದರಿಕೆಯಾಗುತ್ತದೆ ಅತ್ತೆ.

ಹೊಸದಾಗಿ ಶುರು ಮಾಡೋಣವೇ ಎಂದರೆ ಇಂಜೆಕ್ಷನ್ ಇನ್ನು ಬೇಡ ಎನ್ನುತ್ತಾಳೆ. ಇರುವುದನ್ನು ಗರ್ಭಕ್ಕೆ ಬಿಡಿಸೋಣವೇ ಎಂದರೆ ಅದೂ ಬೇಡ. ಈ ತಿಂಗಳ ಕೊನೆಗೆ ಆಸ್ಪತ್ರೆಗೆ ಹೋಗಿ ಎಲ್ಲ ನಿಲ್ಲಿಸಿ ಎಂದು ಹೇಳಿ ಬರುತ್ತಾಳಂತೆ. ಇದ್ದದ್ದನ್ನು ಏನು ಮಾಡುವಿರಿ ಎಂದು ಅವರು ಕೇಳಿದರೆ, ತೆಗೆದುಹಾಕುವ ಕಾಗದಕ್ಕೆ ನೀವೇ ಸಹಿ ಹಾಕಿ, ನನ್ನ ಕೈಲಾಗದು ಎಂದು ನನಗೆ ಹೇಳಿದ್ದಾಳೆ. ನನ್ನ ಕೈಲೂ ಆಗದು.

ನಿಮ್ಮ ಮಾತು ತಪ್ಪು ಎನ್ನುವಷ್ಟು ನನಗೆ ತಿಳಿಯದು. ಅವಳು ಇನ್ನಾರ ಮಾತನ್ನೂ ಅಷ್ಟು ಆಳಕ್ಕೆ ಇಳಿಸಿಕೊಳ್ಳುವುದಿಲ್ಲ ಎಂದು ಮಾತ್ರ ತಿಳಿದಿದೆ.

ಇಂತಿ, ನಿಮ್ಮ ಅಳಿಯ


ಮೇ 17

ಮಗಳೇ,

ಇದನ್ನು ಪೂರ್ತಿ ಓದು. ಮಡಚುವುದು ಆಮೇಲೆ.

ಕಳೆದ ಲಾಟಿನ ಮೊಟ್ಟೆಗಳಿಗೆ ಇಪ್ಪತ್ತೊಂದನೆಯ ದಿನ, ಬಂದ ಮರಿಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಲಾರಿ ಹೊರಟಿತು. ಮೆಷಿನ್ ನೋಡಿಕೊಳ್ಳುವವನು ಉಳಿದ ಮೊಟ್ಟೆಗಳ ಟ್ರೇ ಎತ್ತಿಕೊಂಡು ಹೊರಟ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಒಳಗಿಡು ಅದನ್ನ."

"ಏನಮ್ಮಾ? ಇವತ್ತು ಮೆಷಿನ್ ತೊಳೀಬೇಕು. ನಾಳೆ ಬೇರೆ ಲಾಟು ಬರುತ್ತೆ."

"ಬಂದ್ರೆ ಕಾಯ್ಲಿ."

"ತಡ ಆದದ್ದು ಬಾಳಲ್ಲ ಅಂತ ನೀವೇ ಹೇಳ್ಕೊಟ್ಟದ್ದಲ್ವಾ?"

"ನಾನೇ ಹೇಳಿದ್ದು. ಕಣ್ಣಾರೆ ನೋಡಿ ಹೇಳಿದ್ನಾ ಅಂತ ನೋಡೋಣ."

ಅವನಿಗೆ ನನ್ನ ತಲೆ ಕೆಟ್ಟಿದೆ ಎನಿಸಿತು. ಹೋಗಿ ಬೀಡಿ ಹಚ್ಚಿದ. ನಾನು ಸ್ಟೂಲು ಎಳೆದುಕೊಂಡು ಮೆಷಿನ್ನಿನ ಗಾಜಿನ ಮುಂದೆ ಕೂತೆ. ಹೆಚ್ಚಿನವು ಅಲುಗಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂಲೆಯ ಒಂದು ಮೊಟ್ಟೆಗೆ ಬಿರುಕು ಬಿತ್ತು. ಕುಟ್ಟುವುದು, ಸುಮ್ಮನಾಗುವುದು, ಮತ್ತೆ ಕುಟ್ಟುವುದು. ಲಕ್ಷಗಟ್ಟಲೆ ಮರಿ ಮಾರಿದ್ದೇನೆ, ಒಂದೇ ಒಂದರ ಮುಂದೆ ಹೀಗೆ ಕೂತದ್ದು ಇದೇ ಮೊದಲು. ಅದು ಹೊರಗೆ ಬಂದು ಒದ್ದೆ ಮೈಯಲ್ಲಿ ಬಿದ್ದುಕೊಂಡಾಗ ಬೀಡಿಯವನೂ ನನ್ನ ಹಿಂದೆ ಬಂದು ನಿಂತಿದ್ದ. ಮರುದಿನದೊಳಗೆ ಇನ್ನೂ ಕೆಲವು ಬಂದವು. ಎರಡು ಸತ್ತವು. ಉಳಿದವು ಈಗ ಅಂಗಳದಲ್ಲಿ ಓಡಾಡುತ್ತಿವೆ. ಮೊದಲು ಬಂದವುಗಳ ಜೊತೆ ಬಿಟ್ಟರೆ ಯಾವುದು ಯಾವುದೆಂದು ನನಗೇ ಗೊತ್ತಾಗುವುದಿಲ್ಲ.

ಕೂತು ಯೋಚಿಸಿದೆ. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಬಾಗಿಲು ಯಾಕೆ ತೆರೆಯುತ್ತೇವೆ? ಅಷ್ಟು ಹೊತ್ತಿಗೆ ಲಾರಿ ಬರುತ್ತದೆ, ಅದಕ್ಕೆ. ಬಿಸಿಲೇರುವ ಮೊದಲು ಮರಿ ಊರು ಸೇರಬೇಕು. ತಡ ಎಂಬುದು ಲಾರಿಯ ಮಾತು. ಲಾರಿಯ ಮಾತನ್ನೇ ನಾನು ಜೀವದ ಮಾತೆಂದು ಇಷ್ಟು ವರ್ಷ ಹೇಳಿದೆ. ನಿನಗೂ ಹೇಳಿದೆ.

ಕೋಳಿಯಿಂದ ನಿನಗೆ ಪಾಠ ಹೇಳುವುದು ಇದೇ ಕೊನೆ. ಇಲ್ಲಿ ಮರಿ ಬಂತೆಂದು ನಿನ್ನದು ನಿಲ್ಲುತ್ತದೆ ಎನ್ನಲಾರೆ. ನಿಮ್ಮ ಡಾಕ್ಟರು ಹೇಳಿದ ಸಣ್ಣ ಸಾಧ್ಯತೆ ಸಣ್ಣದಾಗಿಯೇ ಇದೆ. ಆದರೆ ಬಿಟ್ಟುಬಿಡು ಎಂದ ನನ್ನ ಮಾತಿಗೆ ಬುಡವಿಲ್ಲ. ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಈಗ ನಿನ್ನ ಮನಸ್ಸು ಏನು ಹೇಳುತ್ತದೋ ಅದನ್ನು ಕೇಳು, ನಡುವೆ ನಾನಿಲ್ಲ.

ಅಮ್ಮ


ಮೇ 25

ಅಮ್ಮ,

ಜೂನ್ ಹತ್ತಕ್ಕೆ, ಬೆಳಿಗ್ಗೆ, ಗರ್ಭಕ್ಕೆ ಬಿಡುತ್ತಾರೆ. ಹಿಂದಿನ ದಿನವೇ ಬಾ. ಈ ಸಲ ನೇರವಾಗಿ ಮನೆಗೆ ಬಾ.

ಹೆದರಿಕೆ ಹಾಗೇ ಇದೆ. ಆದರೆ ಆ ಪುಟ್ಟದ್ದು ಆರನೆಯ ದಿನದವರೆಗೆ ಕೆಲಸ ಮಾಡಿದೆಯಲ್ಲ, ನಾನು ಮೆಟ್ಟಿಲು ಹತ್ತಿ ಹೋಗುವಷ್ಟಾದರೂ ಮಾಡಬೇಡವೇ.

ನಿನ್ನ ಮಗಳು


ಜೂನ್ 13

ಮಗಳೇ,

ಬಸ್ಸಿನಲ್ಲಿ ಬರುವಾಗ ಪಕ್ಕದವಳು "ಯಾಕಮ್ಮಾ ಅಳ್ತಾ ಇದೀರಾ, ಯಾರಾದ್ರೂ ಹೋದ್ರಾ?" ಎಂದಳು. "ಇಲ್ಲಮ್ಮ, ಯಾರೋ ಬರ್ತಾ ಇದಾರೆ" ಎಂದೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ. ಹಾಗೆಲ್ಲ ಹೇಳಬಾರದು, ಇನ್ನೂ ಏನೂ ಗೊತ್ತಿಲ್ಲ.

ನೀನು ಮಲಗಿದ್ದೆ, ತಲೆಯ ಮೇಲಿನ ಟಿವಿ ಪರದೆ ನಿನಗೆ ಓರೆಯಾಗಿ ಕಾಣುತ್ತಿತ್ತು. ನಾನು ಕಂಡದ್ದನ್ನು ಬರೆದಿಡಬೇಕು.

ಒಳಗೆ ಒಬ್ಬರೇ ಬರಬೇಕು ಎಂದಾಗ ಅಳಿಯಂದಿರು ನನ್ನ ಭುಜ ಹಿಡಿದು ಮುಂದೆ ಮಾಡಿದರು. "ನೀವು ಹೋಗಿ ಅತ್ತೆ. ಸ್ಕ್ಯಾನಿನ ದಿನ ನಾನು ಹೋಗ್ತೀನಿ" ಎಂದರು. ಸ್ಕ್ಯಾನಿನ ದಿನ ಬಂದೇ ಬರುತ್ತದೆ ಎಂಬಂತೆ. ಆ ಮನುಷ್ಯನನ್ನು ಇನ್ನು ದೇವರು ಎಂದು ಹಾಸ್ಯ ಮಾಡುವುದಿಲ್ಲ.

ಗೋಡೆಯಲ್ಲಿ ಸಣ್ಣ ಕಿಟಕಿ, ಅದರಾಚೆ ಲ್ಯಾಬು. ಆ ಮೃದು ದನಿಯವಳು, ನಾನು ದೊಡ್ಡವಳೆಂದುಕೊಂಡಿದ್ದೆ, ನಿನಗಿಂತ ಚಿಕ್ಕವಳು. ಪರದೆಯ ಮೇಲೆ ಒಂದು ದುಂಡನೆಯ ನೆರಳು ಬಂತು. ಕರಗಿಸಿ ಸ್ವಲ್ಪ ಹೊತ್ತಾಗಿತ್ತಂತೆ. ಪೂರ್ಣವಿರಾಮದ ಚುಕ್ಕಿಗಿಂತ ಚಿಕ್ಕದನ್ನು ಊಟದ ತಟ್ಟೆಯಷ್ಟು ಮಾಡಿ ತೋರಿಸಿದ್ದರು. ನೋಡಿದರೆ ಒಂದು ಕಡೆ ಉಬ್ಬಿಕೊಂಡು ತನ್ನದೇ ಅಂಚನ್ನು ದಾಟುತ್ತಿದೆ! ಒಡೆದುಹೋಯಿತು ಎಂದೇ ತಿಳಿದೆ.

"ಅದೇನಮ್ಮಾ, ಆಚೆ ಬರ್ತಾ ಇದೆಯಲ್ಲ?"

"ಬರ್ಲೇಬೇಕು ಅಮ್ಮ. ಸುತ್ತ ಒಂದು ಚಿಪ್ಪಿರುತ್ತೆ. ಅದನ್ನ ಒಡ್ಕೊಂಡು ಆಚೆ ಬಂದ್ರೇನೇ ಗರ್ಭಕ್ಕೆ ಅಂಟ್ಕೊಳ್ಳೋಕೆ ಆಗೋದು."

"ಚಿಪ್ಪಾ? ಮನುಷ್ಯರಿಗಾ?"

"ಹೂಂ. ಎಲ್ರಿಗೂ."

ಮಗಳೇ, ಕೋಳಿಯ ಪಾಠ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ನಾನು ಹೇಳಲಿಲ್ಲ, ಅವಳು ಹೇಳಿದಳು. ನಾನು, ನೀನು, ನಿನ್ನ ಗಂಡ, ಬಸ್ಸಿನಲ್ಲಿ ಮೊಣಕೈ ತಿವಿಯುವವರು, ಟೋಪಿ ಹಂಚುವ ಹುಡುಗಿ, ಎಲ್ಲರೂ ಒಂದು ದಿನ ಯಾರ ಕಣ್ಣಿಗೂ ಬೀಳದೆ ಚಿಪ್ಪೊಡೆದುಕೊಂಡು ಬಂದವರು. ಯಾರಿಗೂ ಅದು ನೆನಪಿಲ್ಲ. ಇಡೀ ಬದುಕು ಚಿಪ್ಪುಗಳ ನಡುವೆ ಕಳೆದ ನನಗೆ ಇದೊಂದು ಗೊತ್ತಿರಲಿಲ್ಲ. ಕಿಟಕಿಯ ಕಟ್ಟೆ ಹಿಡಿದುಕೊಂಡೆ.

ಆಮೇಲೆ ತೆಳ್ಳನೆಯ ಕೊಳವೆ, ನಿನ್ನ ಹೊಟ್ಟೆಯ ಸ್ಕ್ಯಾನು, ಅದರಲ್ಲಿ ಒಂದು ಬಿಳಿ ಚುಕ್ಕಿ ಮಿಂಚಿ ನಿಂತದ್ದು. ಅದೇ ಎಂದುಕೊಂಡು ಕೈಮುಗಿದೆ. ಡಾಕ್ಟರು ನಕ್ಕರು: "ಅದು ಗಾಳಿಗುಳ್ಳೆ ಕಣಮ್ಮಾ, ಜೊತೇಲಿ ಹೋಗಿರೋದು. ನಿಜವಾದ್ದು ಕಾಣಲ್ಲ." ಇರಲಿ. ಜೊತೆಗೆ ಹೋದವರಿಗೂ ಒಂದು ನಮಸ್ಕಾರ.

ಇನ್ನು ಕಾಯುವುದು. ಏನಾಯಿತು ಎಂದು ನಾನಾಗಿ ಕೇಳುವುದಿಲ್ಲ. ಆಗದೆ ಹೋದರೂ ನಾನು ಕಂಡದ್ದು ಕಂಡದ್ದೇ. ಅದು ಬಂದಿತ್ತು, ನಾನು ನೋಡಿದ್ದೇನೆ.

ಅಮ್ಮ


ಜುಲೈ 8

ಅಮ್ಮ,

ನೀನು ಕೇಳಲಿಲ್ಲ. ಹತ್ತಿರ ಹತ್ತಿರ ಒಂದು ತಿಂಗಳು ನಿನ್ನ ನಾಲಿಗೆ ಪಟ್ಟ ಪಾಡು ನನಗೆ ಗೊತ್ತು. ಮೊದಲ ರಕ್ತಪರೀಕ್ಷೆ ಬಂದಾಗ ನಾನೂ ಹೇಳಲಿಲ್ಲ. ಗರ್ಭದ ಹಾರ್ಮೋನು ಇದೆ, ಆದರೆ ಕಡಿಮೆ, ಎರಡು ದಿನ ಬಿಟ್ಟು ಮತ್ತೆ ನೋಡೋಣ ಎಂದರು. ಮತ್ತೆ ನೋಡಿದಾಗ ಏರಿತ್ತು. ಮೂರನೆಯ ಸಲವೂ. ಆದರೂ ಬರೆಯಲು ಪೆನ್ನು ಏಳಲಿಲ್ಲ. ಬರೆದರೆ ನಿಜವಾಗುತ್ತದೆ, ನಿಜವಾದದ್ದು ಹೋಗಬಹುದು.

ನಿನ್ನೆ ಸ್ಕ್ಯಾನು. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಡಾಕ್ಟರು ಬಹಳ ಹೊತ್ತು ಪರದೆಯನ್ನು ತಮ್ಮ ಕಡೆಗೇ ತಿರುಗಿಸಿಕೊಂಡಿದ್ದರು. ನಾನು ಛಾವಣಿಯಲ್ಲಿದ್ದ ಟ್ಯೂಬ್‌ಲೈಟು ನೋಡುತ್ತಿದ್ದೆ. ಆಮೇಲೆ ಪರದೆ ನಮ್ಮ ಕಡೆ ತಿರುಗಿತು. ಬೂದುಬಣ್ಣದ ನಡುವೆ ಕಪ್ಪಗೆ ಒಂದು ಗುಂಡಿ, ಅದರ ಅಂಚಿಗೆ ಅಕ್ಕಿಕಾಳಿಗಿಂತ ದೊಡ್ಡದಲ್ಲದ ಏನೋ, ಅದರ ನಡುವೆ ಒಂದು ಮಿಣುಕು.

"ಅದೇ ಹೃದಯ" ಎಂದು ಡಾಕ್ಟರು ಸದ್ದು ಹಚ್ಚಿದರು.

ಅಮ್ಮ, ಓಡುತ್ತಿತ್ತು. ಯಾರೋ ಎಲ್ಲಿಗೋ ತಡವಾಯಿತೆಂದು ಓಡುವಂತೆ. ನಿನ್ನ ಅಳಿಯ ಟೋಪಿ ಹಾಕದ ತಲೆಯಿಂದ ಟೋಪಿ ತೆಗೆಯುವಂತೆ ಕೈ ಎತ್ತಿ, ಏನು ಮಾಡಬೇಕೆಂದು ತಿಳಿಯದೆ ಇಳಿಸಿದರು. "ಇನ್ನೊಂದ್ಸಲ ಹಾಕ್ತೀರಾ ಡಾಕ್ಟ್ರೇ?" ಎಂದರು. ಹಾಕಿದರು. "ಇನ್ನೂ ತುಂಬಾ ದಾರಿ ಇದೆ, ಈಗ್ಲೇ ಊರೆಲ್ಲಾ ಹೇಳ್ಬೇಡಿ" ಎಂದು ಗದರಿದರು. ಗದರುವಾಗ ಅವರೂ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಅದರ ಬಗ್ಗೆ ನಾವು ಎಷ್ಟೆಲ್ಲ ಬರೆದೆವು. ಇಡಬೇಕೆಂದೆವು, ಬಿಡಬೇಕೆಂದೆವು, ಗ್ರೇಡು ಹಚ್ಚಿದೆವು, ಸಹಿ ಯಾರು ಹಾಕಬೇಕೆಂದು ಕಿತ್ತಾಡಿದೆವು. ಅದಕ್ಕೆ ಇದ್ಯಾವುದೂ ಗೊತ್ತಿಲ್ಲ. ತನ್ನ ಪಾಡಿಗೆ ತಾನಿತ್ತು.

"ಇನ್ನು ಏಳಬಹುದು" ಎಂದು ಡಾಕ್ಟರು ದೀಪ ಹಾಕಿದರು. ಇವರು ಕೈ ಚಾಚಿದರು. ನಾನು ಏಳಲಿಲ್ಲ. ಎದ್ದರೆ ಏನೂ ಆಗುವುದಿಲ್ಲ ಎಂದು ಗೊತ್ತು. ಆದರೆ ಒಳಗೆ ಒಬ್ಬರು ಕೆಲಸದಲ್ಲಿದ್ದಾರೆ, ಅಲುಗಾಡಿಸಲು ಸಂಕೋಚವಾಯಿತು.

ನಿನ್ನ ಮಗಳು